ಕೂಡುವ ಲೆಕ್ಕ



ಎಲ್ಲರೂ ಅಂಜುವ ಗಣಿತವನ್ನೇ ಇಂದಿನ ಚಿಂತನೆಗೆ ತೆಗೆದುಕೊಂಡಿದ್ದೇವೆ. ಮಠದಲ್ಲಿ ಲೆಕ್ಕದ ಮಾತೇಕೆ ಎಂದು ಕೆಲವರಿಗೆ ಅನಿಸಬಹುದು. ಲೆಕ್ಕ ಬಾರದ ರೈತ ತೂಕದಲ್ಲಿ ಮೋಸ ಹೋಗುತ್ತಾನೆ, ಬಡ್ಡಿಯಲ್ಲಿ ಮುಳುಗುತ್ತಾನೆ. ಮೋಸ ಹೋಗದಂತೆ ಮಕ್ಕಳನ್ನು ಬೆಳೆಸುವುದೂ ಧರ್ಮವೇ.

ಅರ್ಧಕ್ಕೆ ಮೂರನೆಯ ಒಂದು ಪಾಲನ್ನು ಕೂಡಿಸು ಎಂದರೆ ಎಷ್ಟೋ ಮಕ್ಕಳು ಮೇಲಿನದಕ್ಕೆ ಮೇಲಿನದನ್ನು, ಕೆಳಗಿನದಕ್ಕೆ ಕೆಳಗಿನದನ್ನು ಸೇರಿಸಿ ಐದರಲ್ಲಿ ಎರಡು ಎಂದು ಬರೆಯುತ್ತಾರೆ. ಅರ್ಧ ರೊಟ್ಟಿ ಇದ್ದ ತಟ್ಟೆಗೆ ಇನ್ನೊಂದು ತುಂಡು ಹಾಕಿದರೆ ಅದು ಅರ್ಧಕ್ಕಿಂತ ಕಡಿಮೆಯಾದೀತೇ? ಆ ಮಗುವನ್ನು ದಡ್ಡ ಎನ್ನಬೇಡಿ. ಅದಕ್ಕೆ ಅಂಕಿಗಳು ಕಂಡಿವೆ, ರೊಟ್ಟಿ ಕಂಡಿಲ್ಲ. ಐದನೆಯ ತರಗತಿಯಲ್ಲಿ ಉಳಿದ ಈ ತೊಡಕು ಪ್ರೌಢಶಾಲೆಯ ಬೀಜಗಣಿತದಲ್ಲಿ ಕಾಡುತ್ತದೆ, ಕಾಲೇಜಿನವರೆಗೂ ಬೆನ್ನಟ್ಟುತ್ತದೆ. ಆಗ ಕಾಲೇಜಿನವರು ಪ್ರೌಢಶಾಲೆಯ ಕಡೆಗೆ ಬೆರಳು ತೋರಿಸುತ್ತಾರೆ. ಪ್ರೌಢಶಾಲೆಯವರು ಪ್ರಾಥಮಿಕ ಶಾಲೆಯ ಕಡೆಗೆ. ಅವರು ಮನೆಯ ಕಡೆಗೆ. ಮಗು ಮಾತ್ರ ನಿಂತಲ್ಲೇ ನಿಂತಿರುತ್ತದೆ.

ನಮ್ಮ ನಾಡಿಗೆ ಇದು ಶೋಭೆಯಲ್ಲ. 9ನೆಯ ಶತಮಾನದಲ್ಲಿ, ಅಮೋಘವರ್ಷ ನೃಪತುಂಗನ ಕಾಲದಲ್ಲಿ, ಮಹಾವೀರಾಚಾರ್ಯರು ಸಂಸ್ಕೃತದಲ್ಲಿ ‘ಗಣಿತಸಾರಸಂಗ್ರಹ’ವನ್ನು ರಚಿಸಿದರು. ಬೇರೆ ಬೇರೆ ಛೇದಗಳ ಭಿನ್ನರಾಶಿಗಳನ್ನು ಕೂಡಿಸಲು ಲಘುತಮ ಸಾಮಾನ್ಯ ಅಪವರ್ತ್ಯವನ್ನು ಬಳಸುವ ಕ್ರಮ ಅದರಲ್ಲಿದೆ. 12ನೆಯ ಶತಮಾನದಲ್ಲಿ ರಾಜಾದಿತ್ಯನು ಗಣಿತವನ್ನು ಕನ್ನಡದಲ್ಲಿಯೇ ಬರೆದನು.

ಆ ಕ್ರಮವೇ ನಮಗೆ ದಾರಿ ತೋರಿಸುತ್ತದೆ. ಅರ್ಧವೆಂದರೆ ಆರರಲ್ಲಿ ಮೂರು; ಮೂರನೆಯ ಒಂದೆಂದರೆ ಆರರಲ್ಲಿ ಎರಡು; ಕೂಡಿದರೆ ಆರರಲ್ಲಿ ಐದು. ಯಾವ ಪಾಲೂ ತನ್ನ ಬೆಲೆಯನ್ನು ಕಳೆದುಕೊಳ್ಳಲಿಲ್ಲ. ಎರಡಕ್ಕೂ ಛೇದ ಒಂದಾಯಿತು, ಅಷ್ಟೆ. ಅನುಭವ ಮಂಟಪದಲ್ಲಿ ಬೇರೆ ಬೇರೆ ಕಾಯಕದ ಶರಣರು ಹೀಗೆಯೇ ಕೂಡಿದರು. ಉಪನ್ಯಾಸಕರೂ ಶಾಲೆಯ ಗುರುಗಳೂ ತಂದೆತಾಯಿಗಳೂ ಕೂಡಬೇಕಾದರೆ ಅವರಿಗೂ ಒಂದು ಸಮಾನ ಛೇದ ಬೇಕು. ಎದುರಿಗಿರುವ ಮಗುವಿನ ತೊಡಕೇ ಆ ಛೇದ.

ಕೂಡುವುದು ಸುಲಭ, ಕೂಡಿ ಬಾಳುವುದು ಕಷ್ಟ. 1972ರಲ್ಲಿ ಮಧ್ಯಪ್ರದೇಶದ ಹೋಶಂಗಾಬಾದ್ ಜಿಲ್ಲೆಯ 16 ಶಾಲೆಗಳಲ್ಲಿ ವಿಜ್ಞಾನ ಬೋಧನೆಯ ಒಂದು ಪ್ರಯೋಗ ಆರಂಭವಾಯಿತು. ವಿಶ್ವವಿದ್ಯಾಲಯದ ವಿಜ್ಞಾನಿಗಳೂ ಹಳ್ಳಿಯ ಶಿಕ್ಷಕರೂ ಜೊತೆಗೂಡಿ ಪಾಠಗಳನ್ನು ರೂಪಿಸಿದರು. ಶಿಕ್ಷಕರು ತಿಂಗಳ ಸಭೆಗಳಲ್ಲಿ ತರಗತಿಯ ತೊಡಕುಗಳನ್ನು ಮುಂದಿಟ್ಟರು. 1978ರಲ್ಲಿ ಅದು ಜಿಲ್ಲೆಗೆಲ್ಲ ಹಬ್ಬಿತು. 1982ರಲ್ಲಿ ಹುಟ್ಟಿದ ‘ಏಕಲವ್ಯ’ ಸಂಸ್ಥೆ ಹೊಣೆ ಹೊತ್ತಿತು. 2002ರಲ್ಲಿ ಸರ್ಕಾರ ಅದನ್ನು ನಿಲ್ಲಿಸಿತು. 30 ವರ್ಷ ನಡೆದ ಕೆಲಸವೂ ಒಂದು ಆದೇಶಕ್ಕೆ ನಿಂತಿತು. ಗಣಿತಕ್ಕಾಗಿ 1965ರಲ್ಲಿ ಶಿಕ್ಷಕರೇ ಕಟ್ಟಿಕೊಂಡ, ಚೆನ್ನೈಯಲ್ಲಿ ನೆಲೆಗೊಂಡ ಭಾರತೀಯ ಗಣಿತ ಶಿಕ್ಷಕರ ಸಂಘವಾದರೋ ಸಮ್ಮೇಳನ, ಪತ್ರಿಕೆ, ಮಕ್ಕಳ ಸ್ಪರ್ಧೆಗಳ ಮೂಲಕ ಮುಂದುವರಿದಿದೆ. ಮಾಡುವವರೇ ತಮ್ಮದೆಂದು ಹೊತ್ತ ಕೆಲಸ ಬಾಳುತ್ತದೆ.

ಆದುದರಿಂದ ಈ ಭಾಗದ ಗುರುಗಳಲ್ಲಿಯೂ ಉಪನ್ಯಾಸಕರಲ್ಲಿಯೂ ನಮ್ಮ ಅಪೇಕ್ಷೆ ಇಷ್ಟು: ತಿಂಗಳಿಗೊಂದು ದಿನ ಕೂಡಿರಿ. ಶ್ರೀಮಠದ ಸಭಾಭವನ ತೆರೆದಿರುತ್ತದೆ, ಪ್ರಸಾದದ ವ್ಯವಸ್ಥೆಯೂ ಆಗುತ್ತದೆ. ಮಗುವಿನ ಹೆಸರು ಹೇಳದೆ ಅದು ಮಾಡಿದ ಲೆಕ್ಕವನ್ನು ಮಾತ್ರ ಮುಂದಿಡಿ. ಏನು ಮಾಡಿದೆವು, ಏನು ಫಲ ಬಂತು ಎಂಬುದನ್ನು ಒಂದು ಪುಸ್ತಕದಲ್ಲಿ ಬರೆದಿಡಿ. ಸಭೆ ನಡೆಸುವ ಹೊಣೆ ಸರದಿಯ ಮೇಲೆ ತಿರುಗಲಿ. ಒಬ್ಬರ ಉತ್ಸಾಹವನ್ನೇ ನಂಬಿದ ಕೆಲಸ ಅವರಿಗೆ ವರ್ಗವಾದ ದಿನವೇ ನಿಲ್ಲುತ್ತದೆ. ದೊಡ್ಡ ಕಾಲೇಜಿನವರು ಮೊದಲು ಕೇಳಲಿ, ಆಮೇಲೆ ಹೇಳಲಿ. ಒಂದನೆಯ ತರಗತಿಗೆ ಎಣಿಕೆ ಕಲಿಸುವುದು ಸಣ್ಣ ಕಾಯಕವಲ್ಲ.

ತಾಯಂದಿರೇ, ನೀವು ಓದಿಲ್ಲವೆಂದು ಹಿಂಜರಿಯಬೇಡಿ. ರೊಟ್ಟಿ ಮುರಿದು ಮೂವರಿಗೆ ಸಮನಾಗಿ ಹಂಚು ಎಂದು ಮಗುವಿಗೆ ಹೇಳಿರಿ. ಭಿನ್ನರಾಶಿಯ ಮೊದಲ ಪಾಠ ಅಲ್ಲಿಯೇ ಆಗುತ್ತದೆ, ದಾಸೋಹದ ಮೊದಲ ಪಾಠವೂ ಅದೇ.

ಈ ಕೂಟ ಬಹುಕಾಲ ಬಾಳಲೆಂದು ಹಾರೈಸಿ ನಮ್ಮ ಮಾತನ್ನು ಮುಗಿಸುತ್ತೇವೆ.