ಕೃತಕ ಕಣ್ಣು: ಒಳಗಿನ ಗುಂಡು, ಹೊರಗಿನ ಕವಚ
(ಸಭಾಸದರ ಸಭೆಯಲ್ಲಿ ಮಾಡಿದ ಭಾಷಣ)



ಕಟಾವಿನ ಹಂಗಾಮಿನಲ್ಲಿ ಕಬ್ಬಿನ ಎಲೆ ಕಣ್ಣಿಗೆ ತಗಲುವುದು ನಿಮಗೆ ಹೊಸದಲ್ಲ. ಗೀರು ಬಿದ್ದ ಕರಿಗುಡ್ಡೆಗೆ ಬೂಷ್ಟು ಹತ್ತಿ ಹುಣ್ಣಾದರೆ, ಕೆಲವೊಮ್ಮೆ ಕಣ್ಣನ್ನೇ ತೆಗೆಯಬೇಕಾಗುತ್ತದೆ. ಆಗ ಮನೆಯವರು ಕೇಳುವುದು ಒಂದೇ ಮಾತು: "ಗಾಜಿನ ಕಣ್ಣು ಕೂಡ್ರಿಸಿದರೆ ಕಾಣುತ್ತದೆಯೇ?" ಕಾಣುವುದಿಲ್ಲ. ಆದರೆ ಮುಖದ ರೂಪ ಉಳಿಯುತ್ತದೆ. ನಾಲ್ಕು ಜನರ ನಡುವೆ ತಲೆಯೆತ್ತಿ ಕೂಡ್ರಬಹುದು. ಅದೇನೂ ಸಣ್ಣ ಮಾತಲ್ಲ.

ಕೃತಕ ಕಣ್ಣಿನಲ್ಲಿ ಎರಡು ಭಾಗಗಳಿವೆ. ಗುಡ್ಡೆ ತೆಗೆದ ಕುಳಿಯಲ್ಲಿ ವೈದ್ಯರು ಮೊದಲು ಒಂದು ಗುಂಡು ಇಟ್ಟು, ಕಣ್ಣು ಹೊರಳಿಸುವ ಸ್ನಾಯುಗಳನ್ನು ಅದರ ಮೇಲೆ ಜೋಡಿಸಿ ಹೊಲಿಯುತ್ತಾರೆ. ಗಾಯ ಮಾಯ್ದ ಮೇಲೆ, ಸುಮಾರು 6ರಿಂದ 8 ವಾರಕ್ಕೆ, ಬಣ್ಣ ಬರೆದ ಕವಚವನ್ನು ರೆಪ್ಪೆಯ ಹಿಂದೆ ಕೂಡ್ರಿಸುತ್ತಾರೆ. ಜನ ನೋಡುವುದು ಈ ಕವಚವನ್ನು. ಅದನ್ನು ಹೊತ್ತು ಅಲುಗಾಡಿಸುವುದು ಒಳಗಿನ ಗುಂಡು. ಗುಂಡಿಲ್ಲದಿದ್ದರೆ ಮೇಲಿನ ರೆಪ್ಪೆ ಒಳಸೇರುತ್ತದೆ. ಕುಳಿ ತುಂಬಲು ಕವಚವನ್ನು ದಪ್ಪ ಮಾಡಿದರೆ ಅದರ ಭಾರಕ್ಕೆ ಕೆಳರೆಪ್ಪೆ ಜೋಲುತ್ತದೆ.

1880ರ ದಶಕದಲ್ಲಿ ಇಂಗ್ಲೆಂಡಿನ ಡಾ. ಮ್ಯೂಲ್ಸ್ ಪೊಳ್ಳು ಗಾಜಿನ ಗುಂಡು ಇಟ್ಟರು. ಮುಂದೆ ಅಕ್ರಿಲಿಕ್, ಸಿಲಿಕೋನ್ ಗುಂಡುಗಳು ಬಂದವು. 1980ರ ದಶಕದಲ್ಲಿ ಅಮೆರಿಕದ ಡಾ. ಪೆರ್ರಿ ಸಮುದ್ರದ ಹವಳದಿಂದ ತಯಾರಿಸಿದ, ನಮ್ಮ ಎಲುಬಿನ ಖನಿಜವನ್ನೇ ಹೋಲುವ ಗುಂಡನ್ನು ಬಳಕೆಗೆ ತಂದರು. ಅದರ ಸಣ್ಣ ರಂಧ್ರಗಳೊಳಗೆ ರಕ್ತನಾಳಗಳು ಬೆಳೆದು ಬೇರು ಬಿಡುತ್ತವೆ. ರಂಧ್ರವುಳ್ಳ ಪಾಲಿಥಿಲೀನ್ ಗುಂಡೂ ಇದೆ. ಇವು ತುಟ್ಟಿ. ಮೈ ಒರಟಾದ ಗುಂಡು ಮೇಲಿನ ಹೊದಿಕೆಯನ್ನು ಉಜ್ಜಿ ಹೊರಗೆ ತಲೆ ಹಾಕುವ ಭಯವೂ ಉಂಟು. ಅಕ್ರಿಲಿಕ್ ಗುಂಡು ಅಗ್ಗವೆಂದು ಹೀಗಳೆಯಬೇಡಿರಿ. ಅಳತೆ ಸರಿಯಿದ್ದು, ಹೊಲಿಗೆ ಗಟ್ಟಿಯಿದ್ದರೆ ಅದೂ ವರ್ಷಗಟ್ಟಲೆ ಬಾಳುತ್ತದೆ. ದೊಡ್ಡವರಿಗೆ ಸಾಮಾನ್ಯವಾಗಿ 18ರಿಂದ 22 ಮಿ.ಮೀ. ಅಳತೆಯದು ಬೇಕಾಗುತ್ತದೆ.

ಕವಚಗಳು ಹಿಂದೆ ಜರ್ಮನಿಯ ಗಾಜಿನವು. ಎರಡನೆಯ ಮಹಾಯುದ್ಧದಲ್ಲಿ ಆ ಗಾಜು ಸಿಗದಾದಾಗ ಅಮೆರಿಕದ ಸೈನ್ಯದಲ್ಲಿ ಹಲ್ಲಿನ ಕೆಲಸದವರು ಅಕ್ರಿಲಿಕ್‌ನಲ್ಲಿ ಕಣ್ಣು ಮಾಡಿದರು. ಇಂದು ಹೆಚ್ಚಿನ ಕಡೆ ಅದೇ ನಡೆದಿದೆ. ಸಿದ್ಧ ಕವಚಕ್ಕಿಂತ, ಕುಳಿಯ ಅಚ್ಚು ತೆಗೆದು, ಇನ್ನೊಂದು ಕಣ್ಣಿನ ಬಣ್ಣ ನೋಡಿ ಮಾಡಿದ್ದು ಚೆನ್ನಾಗಿ ಒಪ್ಪುತ್ತದೆ. ಸ್ಪಿರಿಟ್ ಹಚ್ಚಬೇಡಿರಿ, ಸೌಮ್ಯ ಸಾಬೂನು, ಶುದ್ಧ ನೀರು ಸಾಕು. ವರ್ಷಕ್ಕೊಮ್ಮೆ ಪಾಲಿಶ್ ಮಾಡಿಸಿರಿ. ಮಕ್ಕಳಿಗಂತೂ ತಡಮಾಡಬೇಡಿರಿ, ಕುಳಿ ಬರಿದಾಗಿದ್ದರೆ ಆ ಬದಿಯ ಎಲುಬು ಸರಿಯಾಗಿ ಬೆಳೆಯುವುದಿಲ್ಲ.

ಒಂದು ಕಣ್ಣು ಹೋದವರಿಗೆ ಉಳಿದ ಕಣ್ಣೇ ಆಸ್ತಿ. ಹೊಲಕ್ಕೆ ಹೋಗುವಾಗ ಪಾಲಿಕಾರ್ಬೊನೇಟ್ ಕನ್ನಡಕ ಹಾಕಿರಿ. ಎರಡೂ ಕಣ್ಣು ಇದ್ದವರಿಗೂ ಇದೇ ಮಾತು. ಎಲೆ ತಗಲಿ ಕಣ್ಣು ಕೆಂಪಾದರೆ ಎಣ್ಣೆ, ಎದೆಹಾಲು, ಅಂಗಡಿಯವರು ಕೊಟ್ಟ ಹನಿ ಯಾವುದನ್ನೂ ಹಾಕದೆ, ಅದೇ ದಿನ ಕಣ್ಣಿನ ವೈದ್ಯರಿಗೆ ತೋರಿಸಿರಿ. ಗಾಡಿ ಒಂದು ದಿನ ತಡವಾದರೆ ಕಬ್ಬು ಮರುದಿನ ಹೋದೀತು. ಕಣ್ಣಿನ ಹುಣ್ಣು ಕಾಯುವುದಿಲ್ಲ.