ಅಣಬೆಗೂ ಬೂಷ್ಟು!



ರೊಟ್ಟಿ, ಉಪ್ಪಿನಕಾಯಿ, ಮಳೆಗಾಲದಲ್ಲಿ ಮೂಲೆಗಿಟ್ಟ ಚಪ್ಪಲಿ, ಇವಕ್ಕೆಲ್ಲ ಬೂಷ್ಟು ಹಿಡಿಯುವುದನ್ನು ನೀವು ಕಂಡಿದ್ದೀರಿ. ಅಣಬೆ ಕೂಡ ಬೂಷ್ಟಿನ ಬಳಗದ್ದೇ, ಎರಡೂ ಶಿಲೀಂಧ್ರಗಳು. ಹಾಗಾದರೆ ಅಣಬೆಗೇ ಬೂಷ್ಟು ಹಿಡಿದೀತೆ? ಹಿಡಿಯುತ್ತದೆ.

ಯುರೋಪು, ಉತ್ತರ ಅಮೆರಿಕಗಳ ತಂಪು ಕಾಡಿನಲ್ಲಿ ಉದುರಿದೆಲೆಗಳ ನಡುವೆ ಮೈಸೀನಾ ಎಂಬ ಪುಟ್ಟ ಅಣಬೆಗಳು ಏಳುತ್ತವೆ. ಕೆಲವೊಮ್ಮೆ ಅವುಗಳ ಟೋಪಿಯ ತುಂಬ ಗುಂಡುಸೂಜಿ ಚುಚ್ಚಿದಂತೆ ಕಾಣುತ್ತದೆ. ಕೂದಲಿನಂಥ ಎಳೆ, ತುದಿಯಲ್ಲೊಂದು ಗುಂಡು. ಇದೇ ಸ್ಪಿನೆಲ್ಲಸ್ ಫ್ಯೂಸಿಗರ್ ಎಂಬ ಪರಾವಲಂಬಿ ಬೂಷ್ಟು. ಸೂಜಿಗಳು ಹೊರಗಿನಿಂದ ಚುಚ್ಚಿದವಲ್ಲ, ಒಳಗಿನಿಂದ ಬಂದವು. ಬೂಷ್ಟಿನ ಎಳೆಗಳು ಮೊದಲು ಅಣಬೆಯೊಳಗೆ ಹರಡಿ ಸಾರ ಹೀರುತ್ತವೆ. ಆಮೇಲೆ ಟೋಪಿಯನ್ನು ಸೀಳಿಕೊಂಡು ಹೊರಬರುತ್ತವೆ. ತುದಿಯ ಗುಂಡುಗಳೇ ಬೀಜಾಣುಗಳ ಚೀಲ. ಪಠ್ಯಪುಸ್ತಕದಲ್ಲಿ ನೀವು ಬಿಡಿಸಿದ ರೈಜೋಪಸ್ ಚಿತ್ರ ನೆನಪಿಸಿಕೊಳ್ಳಿ, ಹೆಚ್ಚುಕಡಿಮೆ ಅದೇ ರಚನೆ.

ಇದರ ಹತ್ತಿರದ ಬಂಧು ಫೈಕೋಮೈಸಿಸ್ ಬೆಳಕಿನತ್ತ ಬಾಗುವುದರಲ್ಲಿ ಹೆಸರುವಾಸಿ. ವೈರಸ್ ಸಂಶೋಧನೆಗಾಗಿ 1969ರಲ್ಲಿ ನೊಬೆಲ್ ಪಡೆದ ಮ್ಯಾಕ್ಸ್ ಡೆಲ್‌ಬ್ರಕ್ ವರ್ಷಗಟ್ಟಲೆ ಈ ಬೂಷ್ಟನ್ನೇ ಅಭ್ಯಾಸ ಮಾಡಿದರು. ದೊಡ್ಡವರ ಕುತೂಹಲಕ್ಕೆ ಸಣ್ಣ ವಸ್ತುವೆಂಬುದಿಲ್ಲ.

ಕಾಡಿನ ಅಣಬೆ ಕೊಳೆತರೆ ಯಾರಿಗೂ ನಷ್ಟವಿಲ್ಲ. ಬೇಸಾಯದ ಅಣಬೆಯ ಮಾತು ಬೇರೆ. 1980ರ ದಶಕದಲ್ಲಿ ಐರ್ಲೆಂಡ್, ಬ್ರಿಟನ್‌ಗಳಲ್ಲಿ, 1990ರ ದಶಕದಲ್ಲಿ ಉತ್ತರ ಅಮೆರಿಕದಲ್ಲಿ ಹಸಿರು ಬೂಷ್ಟು ಬಟನ್ ಅಣಬೆಯ ಬೆಳೆಯನ್ನು ಹಾಳುಮಾಡಿತು. ಅದು ಟ್ರೈಕೋಡರ್ಮಾ ಕುಲದ್ದು. 2002ರಲ್ಲಿ ಅದಕ್ಕೆ ಟ್ರೈಕೋಡರ್ಮಾ ಅಗ್ರೆಸಿವಮ್ ಎಂದು ಹೆಸರಿಟ್ಟರು. ಮೊದಲು ಅಣಬೆಯ ಎಳೆಗಳಂತೆ ಬೆಳ್ಳಗಿದ್ದು, ಬೀಜಾಣು ಮೂಡಿದಾಗಲೇ ಹಸಿರಾಗುವ ಕಾರಣ, ರೈತನ ಕಣ್ಣಿಗೆ ಬೀಳುವಷ್ಟರಲ್ಲಿ ಕಾಲ ಮಿಂಚಿರುತ್ತದೆ.

ಟ್ರೈಕೋಡರ್ಮಾ! ಹೆಸರು ಕೇಳಿದಂತಿದೆಯಲ್ಲವೆ? ನಮ್ಮ ಮಲೆನಾಡಿನಲ್ಲಿ ಶುಂಠಿ, ಮೆಣಸಿನ ಬುಡಕ್ಕೆ ಗೊಬ್ಬರದೊಡನೆ ಬೆರೆಸಿ ಹಾಕುವುದು ಇದೇ ಕುಲದ ಶಿಲೀಂಧ್ರವನ್ನು. ಇದು ಮಣ್ಣಿನ ಇತರ ಶಿಲೀಂಧ್ರಗಳ ಮೇಲೆ ಪರಾವಲಂಬಿಯೆಂದು ವೈಂಡ್ಲಿಂಗ್ 1932ರಲ್ಲೇ ತೋರಿಸಿಕೊಟ್ಟಿದ್ದರು. ಬೇರು ಕೊಳೆಸುವ ಶಿಲೀಂಧ್ರವನ್ನು ಮುಗಿಸಿದರೆ ಅದು ರೈತನ ಮಿತ್ರ. ಅಣಬೆಯನ್ನು ಮುಗಿಸಿದರೆ ಶತ್ರು. ಬೂಷ್ಟಿಗೇನೋ ಎರಡೂ ಊಟವೇ.

ಆದ್ದರಿಂದ ಮನೆಯಲ್ಲಿ ಚಿಪ್ಪಣಬೆ ಬೆಳೆಯುವವರು ಹುಲ್ಲನ್ನು ಬಿಸಿನೀರಿನಲ್ಲಿ ಚೆನ್ನಾಗಿ ಹದಮಾಡಿಕೊಳ್ಳಬೇಕು. ಹಸಿರು ಮಚ್ಚೆ ಕಂಡ ಚೀಲವನ್ನು ಅಲ್ಲೇ ಬಿಚ್ಚದೆ ದೂರ ಸಾಗಿಸಬೇಕು. ತೋಟಕ್ಕೆಂದು ತಂದ ಟ್ರೈಕೋಡರ್ಮಾ ಪುಡಿಯನ್ನು ಅಣಬೆ ಕೋಣೆಯ ಹತ್ತಿರವೂ ಇಡಬಾರದು.