ಶಾಲು ಒಬ್ಬರಿಗೆ, ಪಾಠ ಎಲ್ಲರದು

(ಪುಣೆಯಲ್ಲಿ ನಮ್ಮ ಸಂಘದ ಮಹಿಳಾ ವೇದಿಕೆ ಏರ್ಪಡಿಸಿದ್ದ ಶಿಕ್ಷಕರ ದಿನಾಚರಣೆಯಲ್ಲಿ ಮಾಡಿದ ಭಾಷಣ)



ನಾನು ಭಾಷಣಗಾರ್ತಿಯಲ್ಲ. ಹಿಂಜವಡಿಯ ಒಂದು ಕಂಪನಿಯಲ್ಲಿ ಸಾಫ್ಟ್‌ವೇರ್ ಕೆಲಸ ಮಾಡುವವಳು. "ಎಂ.ಟೆಕ್ ಓದಿದ್ದೀಯಲ್ಲ, ಕಾಲೇಜಿನ ಪಾಠದ ಬಗ್ಗೆ ಹತ್ತು ನಿಮಿಷ ಮಾತಾಡಮ್ಮ" ಎಂದು ನಮ್ಮ ಕಾರ್ಯದರ್ಶಿ ಅಕ್ಕ ಹೇಳಿದರು. ಒಪ್ಪಿಕೊಂಡೆ.

ಈಗಷ್ಟೇ ಟೀಚರ್‌ಗೆ ಶಾಲು ಹೊದಿಸಿ, ಹಾರ ಹಾಕಿ, ಹಣ್ಣಿನ ಬುಟ್ಟಿ ಕೊಟ್ಟೆವು. ಮೈಕ್ ಹಿಡಿದು ಅವರು ಮೊದಲು ಹೇಳಿದ್ದು, "ಇದು ನನ್ನೊಬ್ಬಳದಲ್ಲ, ನಮ್ಮ ಸ್ಟಾಫ್‌ರೂಮಿನದು" ಎಂದು. ನಾವೆಲ್ಲ ವಿನಯದ ಮಾತೆಂದು ಚಪ್ಪಾಳೆ ತಟ್ಟಿದೆವು. ಆದರೆ ಅದು ಬರೀ ವಿನಯವಲ್ಲ, ನಿಜ. ನಾನು ಬರೆದುಕೊಂಡು ಬಂದ ಮಾತಿಗೆ ಅವರೇ ಪೀಠಿಕೆ ಹಾಕಿಕೊಟ್ಟರು.

ಒಂದು ಘಟನೆಯಿಂದ ಶುರು ಮಾಡುತ್ತೇನೆ. ನಾನು ಬಿ.ಇ. ಓದಿದ್ದು ಕರ್ನಾಟಕದ ಒಂದು ಊರಿನ ಕಾಲೇಜಿನಲ್ಲಿ. ಎರಡನೇ ವರ್ಷ ಡೇಟಾ ಸ್ಟ್ರಕ್ಚರ್ಸ್ ಹೇಳಿಕೊಡಲು ಒಬ್ಬ ಮೇಡಂ ಬರುತ್ತಿದ್ದರು. ಲಿಂಕ್ಡ್ ಲಿಸ್ಟ್ ಪಾಠದ ದಿನ ಅವರು ಬೋರ್ಡ್ ಮೇಲೆ ಏನೂ ಬರೆಯಲಿಲ್ಲ. ಹತ್ತು ಜನರನ್ನು ಸಾಲಾಗಿ ನಿಲ್ಲಿಸಿ, ಪ್ರತಿಯೊಬ್ಬರ ಕೈಯನ್ನೂ ಮುಂದಿನವರ ಹೆಗಲ ಮೇಲೆ ಇಡಿಸಿದರು. ನಡುವೆ ನಿಂತಿದ್ದ ನನ್ನನ್ನು ಸಾಲಿನಿಂದ ಈಚೆಗೆ ಕರೆದು, "ಈಗ ಯಾರ ಕೈ ಎಲ್ಲಿಗೆ ಹೋಗಬೇಕು?" ಎಂದು ಕೇಳಿದರು. ನನ್ನ ಹಿಂದಿದ್ದವಳು ಕೈ ಚಾಚಿ ನನ್ನ ಮುಂದಿದ್ದವಳ ಹೆಗಲು ಹಿಡಿದಳು. ಪಾಠ ಮುಗಿಯಿತು. ಇಷ್ಟು ವರ್ಷವಾದರೂ ಅದು ಮರೆತಿಲ್ಲ.

ಆ ವರ್ಷ ಕಾಲೇಜಿನವರು ಅವರಿಗೆ ಉತ್ತಮ ಶಿಕ್ಷಕಿ ಪ್ರಶಸ್ತಿ ಕೊಟ್ಟರು. ಫೋಟೊ ತೆಗೆದು, ಹೆಸರು ಕೆತ್ತಿಸಿ ಗೋಡೆಗೆ ಫಲಕ ಹಾಕಿದರು. ಮುಂದಿನ ವರ್ಷ ಅವರ ಯಜಮಾನರಿಗೆ ವರ್ಗವಾಯಿತು. ಮೇಡಂ ಕೆಲಸ ಬಿಟ್ಟು ಹೊರಟರು. ಇದು ನಮ್ಮಲ್ಲಿ ಎಷ್ಟೋ ಜನರ ಕಥೆ, ಬಿಡಿ.

ನನ್ನ ಚಿಕ್ಕಪ್ಪನ ಮಗಳು ಅದೇ ಕಾಲೇಜಿನಲ್ಲಿ, ಅದೇ ವಿಭಾಗದಲ್ಲಿ ನನಗಿಂತ ಎರಡು ವರ್ಷ ಹಿಂದಿದ್ದಳು. ಅದೇ ವಿಷಯ, ಅದೇ ಕ್ಲಾಸ್‌ರೂಮು. ಹೊಸದಾಗಿ ಬಂದವರು ಪಾಪ, ಹಳೆಯ ನೋಟ್ಸ್ ಹಿಡಿದು ಬರೆಸಿದರು. ಹಿಂದಿನವರು ಹೇಗೆ ಪಾಠ ಮಾಡುತ್ತಿದ್ದರೆಂದು ಅವರಿಗೆ ಹೇಳುವವರು ಯಾರೂ ಇರಲಿಲ್ಲ. ನನ್ನ ತಂಗಿ ಆ ವಿಷಯದಲ್ಲಿ ಎರಡು ಸಲ ಫೇಲಾದಳು. ಇವತ್ತಿಗೂ "ನನಗೆ ಪ್ರೋಗ್ರಾಮಿಂಗ್ ತಲೆಗೆ ಹತ್ತಲ್ಲ ಕಣೇ ಅಕ್ಕ" ಅನ್ನುತ್ತಾಳೆ. ಹತ್ತದೆ ಇರುವ ತಲೆ ಅವಳದಲ್ಲ. ಫಲಕ ಗೋಡೆಯ ಮೇಲೆ ಉಳಿಯಿತು, ಪಾಠ ಮೇಡಂ ಜೊತೆ ಹೊರಟು ಹೋಯಿತು.

ನಮ್ಮ ಸಾಫ್ಟ್‌ವೇರ್ ಕೆಲಸದಲ್ಲಿ ಇದನ್ನು ದೊಡ್ಡ ಅಪಾಯ ಎಂದೇ ಲೆಕ್ಕ ಹಾಕುತ್ತಾರೆ. ಒಂದು ಕೋಡ್ ಒಬ್ಬರಿಗೆ ಮಾತ್ರ ಗೊತ್ತಿದ್ದು, ಅವರು ನಾಳೆ ಕೆಲಸ ಬಿಟ್ಟರೆ ಗತಿ ಏನು? ಅದಕ್ಕೇ ನಾನು ಬರೆದದ್ದನ್ನು ಇನ್ನೊಬ್ಬರು ಓದಿ ತಪ್ಪು ತೋರಿಸದೆ ಅದು ಮುಂದೆ ಹೋಗುವುದಿಲ್ಲ. ಕಾಲೇಜಿನಲ್ಲಿ? ಮೇಷ್ಟ್ರು ಒಳಗೆ ಹೋಗಿ ಬಾಗಿಲು ಹಾಕಿಕೊಂಡರೆ ಒಳಗೆ ನಡೆದದ್ದು ಪಕ್ಕದ ಕ್ಲಾಸಿನ ಮೇಷ್ಟ್ರಿಗೂ ಗೊತ್ತಿರುವುದಿಲ್ಲ. ಅಮೆರಿಕದ ಶಿಕ್ಷಣ ಚಿಂತಕ ಲೀ ಶುಲ್ಮನ್ 1993ರಲ್ಲಿ ಇದರ ಬಗ್ಗೆ ಒಂದು ಲೇಖನ ಬರೆದರು. ಅಧ್ಯಾಪಕರು ಸಂಶೋಧನೆಯನ್ನು ಹತ್ತು ಜನರ ಮುಂದಿಟ್ಟು ಚರ್ಚಿಸುತ್ತಾರೆ, ಪಾಠವನ್ನು ಮಾತ್ರ ಒಂಟಿಯಾಗಿ ಮಾಡುತ್ತಾರೆ. ಪಾಠವೂ ಎಲ್ಲರ ಸೊತ್ತಾಗಬೇಕು ಎಂಬುದು ಅವರ ವಾದದ ಸಾರ.

ಹಾಗೆ ಎಲ್ಲರ ಸೊತ್ತಾದ ಪಾಠವನ್ನು ನಾನು ಎಂ.ಟೆಕ್‌ನಲ್ಲಿ ಕಂಡೆ. ಆ ವಿಭಾಗದಲ್ಲಿ ಹೆಸರುವಾಸಿ ಅನ್ನುವಂಥವರು ಯಾರೂ ಇರಲಿಲ್ಲ. ಆದರೆ ಶನಿವಾರ ಮಧ್ಯಾಹ್ನ ಮೊದಲ ಸೆಮಿಸ್ಟರ್‌ಗೆ ಪಾಠ ಮಾಡುವವರೆಲ್ಲ ಒಂದು ಮೇಜಿನ ಸುತ್ತ ಟೀ ಕುಡಿಯುತ್ತಾ ಕೂರುತ್ತಿದ್ದರು. ಈ ವಾರ ಹುಡುಗರು ಎಲ್ಲಿ ಎಡವಿದರು, ಯಾವ ಪ್ರಶ್ನೆ ಅರ್ಥವಾಗಲಿಲ್ಲ ಎಂಬುದೇ ಮಾತು. ಒಬ್ಬರ ಪ್ರಶ್ನೆಪತ್ರಿಕೆಯನ್ನು ಇನ್ನೊಬ್ಬರು ನೋಡುತ್ತಿದ್ದರು. ಲ್ಯಾಬ್ ಇನ್‌ಸ್ಟ್ರಕ್ಟರ್ ಕೂಡ ಆ ಮೇಜಿನಲ್ಲಿ ಇರುತ್ತಿದ್ದರು. ಒಂದು ದಿನ ಅವರೇ ಹೇಳಿದರಂತೆ, "ಸರ್, ಇಬ್ಬಿಬ್ಬರನ್ನು ಒಂದು ಕಂಪ್ಯೂಟರ್‌ಗೆ ಕೂರಿಸಿದರೆ ಹುಡುಗ ಕೀಬೋರ್ಡ್ ಹಿಡೀತಾನೆ, ಹುಡುಗಿ ರೆಕಾರ್ಡ್ ಬರೀತಾಳೆ." ಮುಂದಿನ ವಾರದಿಂದ ನಿಯಮ ಬದಲಾಯಿತು. ಅರ್ಧ ಹೊತ್ತಾದ ಕೂಡಲೇ ಕೀಬೋರ್ಡ್ ಕೈ ಬದಲಾಗಬೇಕು. ರೆಕಾರ್ಡ್ ಬರೆಯುತ್ತಿದ್ದ ಹುಡುಗಿಯರಲ್ಲಿ ನಾನೂ ಒಬ್ಬಳು. ಇವತ್ತು ನಾನು ಕೋಡ್ ಬರೆದು ಸಂಬಳ ತರುತ್ತಿದ್ದರೆ ಅದರಲ್ಲಿ ಆ ನಿಯಮದ ಪಾಲೂ ಇದೆ. ಆ ಇನ್‌ಸ್ಟ್ರಕ್ಟರ್‌ಗೆ ಯಾರೂ ಶಾಲು ಹೊದಿಸಲಿಲ್ಲ. ಯಾಕೆಂದರೆ ಅದಕ್ಕೆ ಪ್ರಶಸ್ತಿ ಇರಲಿಲ್ಲ.

ಹೊರಗಿನ ಕೆಲವು ಕಡೆ ಇಂಥದ್ದಕ್ಕೆ ಪ್ರಶಸ್ತಿ ಇದೆ. ಅಮೆರಿಕದ ನೆಬ್ರಾಸ್ಕಾ ವಿಶ್ವವಿದ್ಯಾಲಯ ಉತ್ತಮ ಅಧ್ಯಾಪಕರಿಗೆ ಕೊಡುವ ಪ್ರಶಸ್ತಿಗಳ ಜೊತೆಗೆ, ಬೋಧನೆಗಾಗಿ ಇಡೀ ವಿಭಾಗಕ್ಕೇ ಒಂದು ಪ್ರಶಸ್ತಿ ಕೊಡುತ್ತದೆ. ಅಲ್ಲಿ ನೋಡುವುದು ಒಬ್ಬರ ಮಾತಿನ ಚಾತುರ್ಯವನ್ನಲ್ಲ. ವಿದ್ಯಾರ್ಥಿಗಳ ಕಲಿಕೆಗಾಗಿ ಆ ವಿಭಾಗ ಎಷ್ಟು ಒಗ್ಗಟ್ಟಿನಿಂದ ದುಡಿಯುತ್ತದೆ ಎಂಬುದನ್ನು. ಬ್ರಿಟನ್ನಿನಲ್ಲಿ ಒಬ್ಬೊಬ್ಬ ಅಧ್ಯಾಪಕರಿಗೆ ರಾಷ್ಟ್ರೀಯ ಬೋಧನಾ ಫೆಲೋಶಿಪ್ ಶುರುವಾದದ್ದು 2000ದಲ್ಲಿ. ತಂಡಕ್ಕೆ ಕೊಡುವ ಪ್ರಶಸ್ತಿ ಬಂದದ್ದು 2016ರಲ್ಲಿ. ಒಳ್ಳೆಯ ಪಾಠ ಒಬ್ಬರ ಕೆಲಸವಲ್ಲ ಎಂದು ಒಪ್ಪಿಕೊಳ್ಳಲು ಅವರಿಗೂ 16 ವರ್ಷ ಬೇಕಾಯಿತು.

ನೆಬ್ರಾಸ್ಕಾದ ಲಿಂಕನ್ ಕ್ಯಾಂಪಸ್ಸಿನ ಗಣಿತ ವಿಭಾಗದ ವಿಷಯ ನಾವು ಹೆಣ್ಣುಮಕ್ಕಳು ಕೇಳಲೇಬೇಕು. ಗಣಿತದಲ್ಲಿ ಡಾಕ್ಟರೇಟ್‌ವರೆಗೆ ಹೋಗುವ ಹುಡುಗಿಯರು ಕಡಿಮೆ ಎಂಬುದನ್ನು ಅವರು ಹುಡುಗಿಯರ ತಪ್ಪೆಂದು ಬಿಡಲಿಲ್ಲ, ವಿಭಾಗದ ಕೆಲಸ ಎಂದುಕೊಂಡರು. ಶಾಲಾ ಹುಡುಗಿಯರಿಗೆ ಬೇಸಿಗೆ ಗಣಿತ ಶಿಬಿರ ಮಾಡಿದರು. ಪದವಿ ಓದುವ ಹುಡುಗಿಯರಿಗಾಗಿ 1999ರಿಂದ ಗಣಿತ ಸಮ್ಮೇಳನ ನಡೆಸುತ್ತಾ ಬಂದರು. ಅಮೆರಿಕನ್ ಮ್ಯಾಥಮ್ಯಾಟಿಕಲ್ ಸೊಸೈಟಿ ಮಾದರಿ ಗಣಿತ ವಿಭಾಗಗಳಿಗೆ ಕೊಡುವ ಪ್ರಶಸ್ತಿ 2009ರಲ್ಲಿ ಈ ವಿಭಾಗಕ್ಕೆ ಸಿಕ್ಕಿತು.

ಅದೇ ಪ್ರಶಸ್ತಿ 2006ರಲ್ಲಿ ಮೊಟ್ಟಮೊದಲು ಸಿಕ್ಕಿದ್ದು ಕ್ಯಾಲಿಫೋರ್ನಿಯಾದ ಹಾರ್ವಿ ಮಡ್ ಎಂಬ ಸಣ್ಣ ಕಾಲೇಜಿನ ಗಣಿತ ವಿಭಾಗಕ್ಕೆ. ಆ ಕಾಲೇಜಿನ ಕಂಪ್ಯೂಟರ್ ಸೈನ್ಸ್ ವಿಭಾಗವೂ ಒಟ್ಟಾಗಿ ಕೂತು ಯೋಚಿಸಿತು. ಆಗ ಅಲ್ಲಿ ಆ ವಿಷಯ ಓದುವವರಲ್ಲಿ ಹುಡುಗಿಯರು 100ಕ್ಕೆ 10ರ ಆಸುಪಾಸು. ಮೊದಲ ಸೆಮಿಸ್ಟರ್‌ನ ಪಾಠವನ್ನು ಜಾವಾ ಬಿಟ್ಟು ಪೈಥಾನ್‌ಗೆ ಬದಲಿಸಿದರು. ಮೊದಲೇ ಪ್ರೋಗ್ರಾಮಿಂಗ್ ಬಲ್ಲವರನ್ನೂ ಹೊಸಬರನ್ನೂ ಬೇರೆ ಬೇರೆ ಕೂರಿಸಿದರು, ಬಲ್ಲವರ ಜಂಭಕ್ಕೆ ಹೊಸಬರು ಹೆದರದಿರಲಿ ಎಂದು. ಹುಡುಗಿಯರನ್ನು ಗ್ರೇಸ್ ಹಾಪರ್ ಸಮ್ಮೇಳನಕ್ಕೆ ಕರೆದೊಯ್ದರು. ಕೆಲವೇ ವರ್ಷಗಳಲ್ಲಿ ಆ 10, 40ರ ಆಸುಪಾಸಿಗೆ ಬಂತು. ಒಬ್ಬ ಅಧ್ಯಾಪಕರು ಎಷ್ಟೇ ಚೆನ್ನಾಗಿ ಪಾಠ ಮಾಡಿದರೂ ಈ ಬದಲಾವಣೆ ಅವರೊಬ್ಬರಿಂದ ಆಗುತ್ತಿರಲಿಲ್ಲ. ಸಿಲಬಸ್ಸು, ಟೈಮ್‌ಟೇಬಲ್ಲು, ಲ್ಯಾಬು ಎಲ್ಲ ಇರುವುದು ವಿಭಾಗದ ಕೈಯಲ್ಲಿ.

ನಮ್ಮ ದೇಶದಲ್ಲಿ? ಸೆಪ್ಟೆಂಬರ್ 5ರ ರಾಷ್ಟ್ರೀಯ ಶಿಕ್ಷಕ ಪ್ರಶಸ್ತಿ 1958ರಿಂದ ಇದೆ. 2023ರಲ್ಲಿ ಕಾಲೇಜು, ಪಾಲಿಟೆಕ್ನಿಕ್ ಅಧ್ಯಾಪಕರಿಗೂ ಅದು ಬಂತು. ಸಂತೋಷವೇ, ಆದರೆ ಅದು ವ್ಯಕ್ತಿಗೆ. ವಿಭಾಗವನ್ನು ನೋಡುವುದು ಎನ್‌ಬಿಎ ಮಾನ್ಯತೆ. ನ್ಯಾಕ್ ಇಡೀ ಕಾಲೇಜನ್ನು ತೂಗಿದರೆ ಎನ್‌ಬಿಎ ಒಂದೊಂದು ಕೋರ್ಸನ್ನು ತೂಗುತ್ತದೆ. ಆದರೆ ಅದು ಮಾನ್ಯತೆ, ಮೆಚ್ಚುಗೆಯಲ್ಲ. ಅದಕ್ಕೆ ಬೇಕಾದ ಫೈಲುಗಳ ಕಥೆ ಕೇಳಬೇಕಾದರೆ ಕಾಲೇಜಿನಲ್ಲಿ ಪಾಠ ಮಾಡುವ ನನ್ನ ಗೆಳತಿಯನ್ನು ಕೇಳಿ. ರಾತ್ರಿ ಹನ್ನೊಂದರವರೆಗೆ ಎಕ್ಸೆಲ್ ತುಂಬುತ್ತಾಳೆ. "ಪಾಠ ಮಾಡೋದಕ್ಕಿಂತ ಪಾಠ ಮಾಡಿದ್ದೀನಿ ಅಂತ ತೋರಿಸೋಕೇ ಹೆಚ್ಚು ಹೊತ್ತು ಹೋಗುತ್ತೆ ಕಣೇ" ಅನ್ನುತ್ತಾಳೆ.

ಆದ್ದರಿಂದ ವಿಭಾಗಕ್ಕೆ ಪ್ರಶಸ್ತಿ ಕೊಟ್ಟರೆ ಎಲ್ಲ ಸರಿಹೋಗುತ್ತದೆ ಎಂದು ನಾನು ಹೇಳುವುದಿಲ್ಲ. ಅದೂ ಇನ್ನೊಂದು ಫೈಲಾಗಿ, ತುಂಬುವ ಕೆಲಸ ಮತ್ತೆ ಯಾರೋ ಒಬ್ಬ ಮೇಡಂ ತಲೆಗೆ ಬೀಳಬಹುದು. ನಾಲ್ಕು ಜನ ದುಡಿದು, ಹತ್ತು ಜನ ಫೋಟೊಗೆ ನಿಲ್ಲಬಹುದು. ಇದು ನಿಜವಾದ ತೊಂದರೆಯೇ. ಅಡುಗೆಮನೆಯಲ್ಲಿ ಬೆವರಿದವರು ಯಾರು, ಬಡಿಸುವಾಗ ಸೌಟು ಹಿಡಿದವರು ಯಾರು ಎಂಬುದು ನಮಗೆ ಗೊತ್ತಿಲ್ಲದ ವಿಷಯವೇನಲ್ಲ. ಆದರೂ ನೋಡಿ, ಹಿಂದುಳಿದ ಹುಡುಗಿಯನ್ನು ಕೂರಿಸಿಕೊಂಡು ಧೈರ್ಯ ಹೇಳುವುದು, ಹೊಸ ಲೆಕ್ಚರರ್‌ಗೆ ದಾರಿ ತೋರಿಸುವುದು, ಲ್ಯಾಬ್ ಸರಿಯಿಡುವುದು, ಇವು ಯಾವುವೂ ಒಬ್ಬರ ಹೆಸರಿನ ಪ್ರಶಸ್ತಿಯಲ್ಲಿ ಕಾಣುವುದಿಲ್ಲ. ವಿಭಾಗದ ಲೆಕ್ಕ ನೋಡಿದಾಗಲಾದರೂ ಕಾಣುವ ಸಾಧ್ಯತೆ ಇದೆ.

ಹಾಗಾದರೆ ನೋಡುವುದು ಹೇಗೆ? ಮೂರು ಪ್ರಶ್ನೆ ಸಾಕು ಅನಿಸುತ್ತದೆ. ಒಳ್ಳೆಯ ಟೀಚರ್ ಒಬ್ಬರು ಬಿಟ್ಟು ಹೋದರೆ ಅವರ ಪಾಠ ಇಲ್ಲಿ ಉಳಿಯುತ್ತದೆಯೇ? ಒಬ್ಬರ ಕ್ಲಾಸಿನಲ್ಲಿ ಇನ್ನೊಬ್ಬರು ಹಿಂದೆ ಕೂತು ಕೇಳಿದ್ದುಂಟೇ? ಫೇಲಾದ ಮಕ್ಕಳ ಬಗ್ಗೆ ಇಲ್ಲಿ ಯಾರು, ಎಂದು, ಎಲ್ಲಿ ಕೂತು ಮಾತಾಡುತ್ತಾರೆ? ಮಕ್ಕಳನ್ನು ಕಾಲೇಜಿಗೆ ಸೇರಿಸುವ ತಾಯಂದಿರೇ, ಪ್ಲೇಸ್‌ಮೆಂಟ್ ಎಷ್ಟು ಎಂದು ಕೇಳುವ ಜೊತೆಗೆ ಇವನ್ನೂ ಕೇಳಿ. ಉತ್ತರ ಕಾಲೇಜಿನ ಬ್ರೋಷರ್‌ನಲ್ಲಿ ಸಿಗುವುದಿಲ್ಲ. ಅಲ್ಲಿ ಓದುತ್ತಿರುವ ಮಕ್ಕಳನ್ನು ಕ್ಯಾಂಟೀನಿನಲ್ಲಿ ಕೇಳಿದರೆ ಸಿಗುತ್ತದೆ.

ಕೊನೆಗೆ ನಮ್ಮ ವೇದಿಕೆಗೆ ಒಂದು ವಿನಂತಿ. ನಾವು ಕೂತಿರುವುದು ಸಾವಿತ್ರಿಬಾಯಿ ಫುಲೆಯವರ ಊರಿನಲ್ಲಿ. 1848ರಲ್ಲಿ ಇಲ್ಲಿಯ ಭಿಡೆ ವಾಡಾದಲ್ಲಿ ಹೆಣ್ಣುಮಕ್ಕಳ ಶಾಲೆ ತೆರೆದಾಗ ಅವರೂ ಒಬ್ಬರೇ ಇರಲಿಲ್ಲ, ಜ್ಯೋತಿಬಾ ಜೊತೆಗಿದ್ದರು. ಮುಂದಿನ ವರ್ಷ ಒಬ್ಬರಿಗೆ ಮಾಡುವ ಸನ್ಮಾನದ ಜೊತೆಗೆ, ಒಂದು ಶಾಲೆಯ ಅಥವಾ ಕಾಲೇಜಿನ ಒಂದು ವಿಭಾಗವನ್ನೂ ಕರೆಯೋಣ. ಅರ್ಜಿ ಒಂದೇ ಪುಟ ಇರಲಿ, ಅದನ್ನು ಅವರ ಹಳೆಯ ವಿದ್ಯಾರ್ಥಿಗಳು ಬರೆಯಲಿ. ಲ್ಯಾಬ್ ಅಟೆಂಡರ್‌ನ್ನೂ ವೇದಿಕೆಗೆ ಕರೆಯೋಣ. ಹತ್ತು ಶಾಲಿನ ದುಡ್ಡು ಆ ವಿಭಾಗದ ಲೈಬ್ರರಿಗೆ ಹೋಗಲಿ.

ಕಳೆದ ದೀಪಾವಳಿಗೆ ನನ್ನ ತಂಗಿ ಮನೆಗೆ ಬಂದಿದ್ದಳು. ಮಕ್ಕಳನ್ನೆಲ್ಲ ಹಾಲ್‌ನಲ್ಲಿ ಸಾಲಾಗಿ ನಿಲ್ಲಿಸಿ, ಹೆಗಲ ಮೇಲೆ ಕೈ ಇಡಿಸಿ, ಮೇಡಂ ಪಾಠವನ್ನು ಅವಳ ಮುಂದೆ ಮಾಡಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಇಷ್ಟೇನಾ ಅಕ್ಕ?" ಅಂದಳು. ಇಷ್ಟೇ. ಆದರೆ ಅದು ಅವಳಿಗೆ ಸಿಗಬೇಕಾಗಿದ್ದದ್ದು ಆ ಕ್ಲಾಸ್‌ರೂಮಿನಲ್ಲಿ, ಹತ್ತೊಂಬತ್ತನೇ ವಯಸ್ಸಿನಲ್ಲಿ.